ಕೈಗೆ ಸಿಕ್ಕವನು

ಗಲ್ಲಾಪೆಟ್ಟಿಗೆಯ ಎಡಗಡೆ, ಊದುಬತ್ತಿಯ ಸ್ಟ್ಯಾಂಡಿಗೆ ತಾಗಿಕೊಂಡು ಒಂದು ಫೋನು ಇತ್ತು. ಕೆಲಸದ ಹುಡುಗರು ಕದ್ದು ಊರಿಗೆ ಮಾತಾಡಬಾರದೆಂದು ಅದರ ಡಯಲಿಗೆ ಸಣ್ಣದೊಂದು ಬೀಗ ಜಡಿದಿದ್ದರು. ಹೊರಗೆ ಹೋಗುವ ಮಾತಿಗೆ ಬೀಗವಿತ್ತು, ಒಳಗೆ ಬರುವ ಮಾತಿಗೆ ಇರಲಿಲ್ಲ. 1998ರ ಬೇಸಿಗೆಯ ಒಂದು ಮಧ್ಯಾಹ್ನ, ಊಟದ ಗಿರಾಕಿಗಳು ಕರಗಿ ಸಂಜೆಯ ಚಹಾಕ್ಕೆ ಇನ್ನೂ ಹೊತ್ತಿದ್ದಾಗ, ಆ ಫೋನು ರಿಂಗಾಯಿತು. ನಾನು ಹತ್ತಿರದ ಟೇಬಲ್ ಒರೆಸುತ್ತಿದ್ದೆ. ನಮ್ಮ ಸೇಟ್ರು ರಿಸೀವರ್ ಎತ್ತಿಕೊಂಡು, ಎಂದಿನಂತೆ ಹಿಂದಿಯಲ್ಲಿ ಹೋಟೆಲಿನ ಹೆಸರು ಹೇಳಿದರು. ಆಮೇಲೆ ಅವರ ಮುಖದಲ್ಲಿ ಒಂದು ನಗು ಮೂಡಿತು. ಊರಿನ ಭಾಷೆ ಕಿವಿಗೆ ಬಿದ್ದಾಗ ಪರವೂರಿನಲ್ಲಿರುವ ಯಾರಿಗಾದರೂ ಬರುವ ನಗು ಅದು. ಆ ನಗು ಮುಖದ ಮೇಲೆ ಇರುವಾಗಲೇ ಅದರ ಕೆಳಗಿನ ಬಣ್ಣ ಇಳಿಯುತ್ತ ಹೋದದ್ದನ್ನು ನಾನು ನೋಡಿದೆ.

ಆ ಕಡೆಯವನು ತುಳುವಿನಲ್ಲಿ ಕೇಳಿದ್ದು, "ಎಂಚ ಉಲ್ಲರ್ ಅಣ್ಣೆರೆ?" ಎಂದು. ಹೇಗಿದ್ದೀರಿ ಅಣ್ಣ, ಎಂದು. ಮನೆಯ ದೈವದ ನೇಮ ಈ ವರ್ಷ ಚೆನ್ನಾಗಿ ಆಯಿತಂತೆ, ಮಗಳು ಹತ್ತನೆಯ ತರಗತಿಯ ಪರೀಕ್ಷೆ ಬರೆದು ಮುಗಿಸಿದಳಂತೆ, ಒಳ್ಳೆಯದಾಗಲಿ ಎಂದೆಲ್ಲ ಹೇಳಿದ ಮೇಲೆ ಅವನು ಭೂಗತ ಲೋಕದ ಭಾಯಿಯೊಬ್ಬನ ಹೆಸರು ಎತ್ತಿ, ಐದು ಪೇಟಿ ಎಂದನಂತೆ. ಮುಂಬೈಯ ಆ ಲೋಕದಲ್ಲಿ ಪೇಟಿ ಎಂದರೆ ಒಂದು ಲಕ್ಷ, ಖೋಕಾ ಎಂದರೆ ಒಂದು ಕೋಟಿ. ನಮ್ಮದು ಇಡ್ಲಿ, ವಡೆ, ಪೂರಿಭಾಜಿಯ ಶಾಕಾಹಾರಿ ಹೋಟೆಲು. ಆದರೆ ಸೇಟ್ರಿಗೆ ಘಾಟ್ಕೋಪರ್ ಕಡೆಯ ಒಂದು ಬಿಯರ್ ಬಾರಿನಲ್ಲಿ ಪಾಲು ಇತ್ತು. ಅದು ನಮಗೆ ಹುಡುಗರಿಗೆ ಗೊತ್ತಿದ್ದ, ಯಾರೂ ಜೋರಾಗಿ ಆಡದ ಮಾತಾಗಿತ್ತು.

ಈ ಫೋನನ್ನು ಮರೆತೇಬಿಟ್ಟಿದ್ದೇನೆ ಎಂದುಕೊಂಡಿದ್ದೆ. 2024ರ ಮೇ ಕೊನೆಯಲ್ಲಿ ಒಂದು ಸುದ್ದಿ ಬಂತು. 2001ರ ಮೇ 4ರಂದು ಗಾಮ್‌ದೇವಿಯ ಹೋಟೆಲ್ ಮಾಲೀಕರೊಬ್ಬರನ್ನು ಅವರದೇ ಹೋಟೆಲಿನಲ್ಲಿ ಗುಂಡಿಟ್ಟು ಕೊಂದ ಪ್ರಕರಣದಲ್ಲಿ ಭೂಗತ ಡಾನ್ ಛೋಟಾ ರಾಜನ್‌ಗೆ ಮುಂಬೈಯ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತ್ತು. ತೀರಿಹೋದವರು ನಮ್ಮ ಕಡೆಯ ಶೆಟ್ಟರು. ಹೆಸರು ಎಲ್ಲ ಪತ್ರಿಕೆಗಳಲ್ಲಿ ಬಂದಿದೆ, ನಾನು ಇಲ್ಲಿ ಬರೆಯುವುದಿಲ್ಲ. ಹಣಕ್ಕಾಗಿ ಅವರಿಗೆ ಬೆದರಿಕೆಯ ಕರೆಗಳು ಬರುತ್ತಿದ್ದವು, ಪೊಲೀಸ್ ಕಾವಲೂ ಇತ್ತು. ಆ ಕಾವಲನ್ನು ಹಿಂತೆಗೆದುಕೊಂಡ ಸುಮಾರು ಎರಡು ತಿಂಗಳಿಗೆ ಅವರ ಕೊಲೆಯಾಯಿತು. ತೀರ್ಪು ಬರಲು 23 ವರ್ಷ ಹಿಡಿಯಿತು. ಆ ಸುದ್ದಿಯನ್ನು ಓದಿದ ರಾತ್ರಿ ನನಗೆ ಕಾಡಿದ್ದು ರಾಜನ್ ಅಲ್ಲ. ಬೀಗ ಹಾಕಿದ ಆ ಫೋನು ಮತ್ತು ಅದರಿಂದಾಗಿ ನಮ್ಮ ಹೋಟೆಲಿನಿಂದ ಊರಿಗೆ ಹೋದ ಒಬ್ಬ ಹುಡುಗ.

ಭೂಗತ ಲೋಕದ ಕಥೆಗಳನ್ನು ನಾವು ದ್ರೋಹ ಮತ್ತು ಸೇಡಿನ ಕಥೆಗಳೆಂದು ಹೇಳುತ್ತೇವೆ. ಯಾರೋ ನಂಬಿಕೆ ಮುರಿದ, ಇನ್ನೊಬ್ಬ ಅದಕ್ಕೆ ಲೆಕ್ಕ ತೀರಿಸಿದ ಎಂಬ ಧಾಟಿ. ಕೇಳುವುದಕ್ಕೆ ಅದರಲ್ಲಿ ಒಂದು ನ್ಯಾಯವಿರುವ ಹಾಗೆ ಕಾಣುತ್ತದೆ. ಮುಂಬೈಯಲ್ಲಿ ಕಳೆದ ವರ್ಷಗಳಲ್ಲಿ ಮತ್ತು ಆಮೇಲೆ ಅದರ ಬಗ್ಗೆ ಓದಿಕೊಂಡ ವರ್ಷಗಳಲ್ಲಿ ನನಗೆ ಕಂಡದ್ದು ಬೇರೆ. ಅಲ್ಲಿ ಲೆಕ್ಕ ತೀರುವುದು ತಪ್ಪು ಮಾಡಿದವನ ಮೇಲಲ್ಲ, ಕೈಗೆ ಸಿಕ್ಕವನ ಮೇಲೆ. ನಮ್ಮೂರಿನ ಗದ್ದೆಯಲ್ಲಿ ರಾತ್ರಿಯಿಡೀ ಕೂತು ನೋಡಿದ ಯಕ್ಷಗಾನದ ಆಟದಲ್ಲಿ ಅಶ್ವತ್ಥಾಮ ಪಾಂಡವರ ತಲೆ ತರುತ್ತೇನೆಂದು ಹೊರಟು, ಮಲಗಿದ್ದ ಉಪಪಾಂಡವರ ತಲೆಗಳನ್ನು ಕಡಿದು ತರುತ್ತಾನೆ. ಬೆಳಗಿನ ಜಾವದ ಚಂಡೆಯ ಅಬ್ಬರದಲ್ಲಿ ಅದನ್ನು ನೋಡುವಾಗ ಅವನಿಗೆ ಕತ್ತಲೆಯಲ್ಲಿ ಗುರುತು ತಪ್ಪಿತು ಎಂದೇ ನಾನು ತಿಳಿದುಕೊಂಡಿದ್ದೆ. ಪಾಂಡವರು ಅಲ್ಲಿ ಇರಲೇ ಇಲ್ಲ, ಸಿಕ್ಕವರು ಮಕ್ಕಳು ಮಾತ್ರ ಎಂಬುದು ತಲೆಗೆ ಹೋದದ್ದು ಬಹಳ ತಡವಾಗಿ.

ಒಂದು ಸರಪಳಿಯನ್ನು ಹಿಡಿದು ನೋಡೋಣ. ಮುಂಬೈಯ ಎರಡು ಗ್ಯಾಂಗುಗಳ ನಾಯಕರಾದ ದಾವೂದ್ ಇಬ್ರಾಹಿಂ ಮತ್ತು ದಗಡಿ ಚಾಳಿನ ಅರುಣ್ ಗಾವ್ಳಿಯ ನಡುವಿನ ವೈರದ ಬೇರು ಜೋಗೇಶ್ವರಿಯ ಒಂದು ಜಾಗದ ತಕರಾರಿನಲ್ಲಿತ್ತೆಂದು ಆ ಕಾಲದ ವರದಿಗಳು ಹೇಳುತ್ತವೆ. ಒಂದು ಪಕ್ಕದಲ್ಲಿ ಗಾವ್ಳಿಯ ಗೆಳೆಯ ರಾಮಾ ನಾಯಕ್, ಇನ್ನೊಂದು ಪಕ್ಕದಲ್ಲಿ ದಾವೂದನ ಆಪ್ತನಾಗಿದ್ದ, ಮೂಲದಲ್ಲಿ ನಮ್ಮ ಕರಾವಳಿಯವನೇ ಆದ ಶರದ್ ಶೆಟ್ಟಿ. ದಾವೂದ್ ಶೆಟ್ಟಿಯ ಪರ ನಿಂತ. 1988ರಲ್ಲಿ ರಾಮಾ ನಾಯಕ್ ಪೊಲೀಸರ ಗುಂಡಿಗೆ ಸತ್ತ. ಅವನು ಇದ್ದ ಜಾಗದ ಸುಳಿವನ್ನು ಕೊಟ್ಟದ್ದು ದಾವೂದನ ಕಡೆಯವರೇ ಎಂದು ಗಾವ್ಳಿ ನಂಬಿದ. ಅಲ್ಲಿಂದ ಶುರುವಾದ ಎಣಿಕೆಯಲ್ಲಿ 1990ರಲ್ಲಿ ಗಾವ್ಳಿಯ ಅಣ್ಣ ಸತ್ತ. ಅದಕ್ಕೆ ಉತ್ತರವಾಗಿ 1992ರ ಜುಲೈಯಲ್ಲಿ ಗಾವ್ಳಿಯ ಹುಡುಗರು ಗುಂಡು ಹೊಡೆದದ್ದು ದಾವೂದನಿಗಲ್ಲ, ಅವನ ತಮ್ಮಂದಿರಿಗೂ ಅಲ್ಲ. ದಾವೂದ್ ಆಗಲೇ ದುಬೈ ಸೇರಿ ವರ್ಷಗಳಾಗಿದ್ದವು. ನಾಗಪಾಡಾದಲ್ಲಿ ಒಂದು ಸಣ್ಣ ಹೋಟೆಲು ನಡೆಸಿಕೊಂಡಿದ್ದ ಅವನ ತಂಗಿಯ ಗಂಡ ಇಬ್ರಾಹಿಂ ಪಾರ್ಕರ್‌ನನ್ನು ಆ ಹೋಟೆಲಿನ ಎದುರಿಗೇ ಹೊಡೆದು ಹಾಕಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು ಎನಿಸುತ್ತದೆ. ಪಾರ್ಕರ್ ಯಾಕೆ ಸಿಕ್ಕಿದ? ಹೋಟೆಲಿನವನಾಗಿದ್ದರಿಂದ ಸಿಕ್ಕಿದ. ಹೋಟೆಲು ನಡೆಸುವವನು ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಇರಬೇಕು, ಅವನ ಬಾಗಿಲು ಬೆಳಗಿನಿಂದ ನಡುರಾತ್ರಿಯವರೆಗೆ ತೆರೆದಿರಬೇಕು, ಒಳಗೆ ಬರುವ ಅಪರಿಚಿತನಿಗೆ ಮೊದಲು ನೀರು ಕೊಡಬೇಕು, ಆಮೇಲೆ ಏನು ಬೇಕೆಂದು ಕೇಳಬೇಕು. ಕಟ್ಟಡದ ಬಿಲ್ಡರಿಗೆ ಕಾವಲುಗಾರನಿದ್ದಾನೆ, ಸಿನಿಮಾದವರಿಗೆ ಕಾರ್ಯದರ್ಶಿಗಳಿದ್ದಾರೆ. ಗಲ್ಲಾದ ಮೇಲೆ ಕೂತ ಮನುಷ್ಯನ ಮತ್ತು ರಸ್ತೆಯ ನಡುವೆ ಇರುವುದು ಸೋಂಪಿನ ತಟ್ಟೆ ಮಾತ್ರ. ಮುಂಬೈಯ ಹಫ್ತಾ ವಸೂಲಿಯ ಇತಿಹಾಸದಲ್ಲಿ ನಮ್ಮ ಊರಿನ ಹೋಟೆಲಿಗರು ಇಷ್ಟು ದಟ್ಟವಾಗಿ ಬರಲು ದುಡ್ಡು ಒಂದೇ ಕಾರಣವಾಗಿರಲಿಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ.

ಸರಪಳಿ ಅಲ್ಲಿಗೂ ತುಂಡಾಗಲಿಲ್ಲ. ಪಾರ್ಕರ್‌ನನ್ನು ಕೊಂದವರಲ್ಲಿ ಶೈಲೇಶ್ ಹಲ್ದಣ್‌ಕರ್ ಎಂಬವನು ಗಾಯಗೊಂಡು ಜೆ.ಜೆ. ಆಸ್ಪತ್ರೆಯಲ್ಲಿ ಪೊಲೀಸ್ ಕಾವಲಿನಲ್ಲಿದ್ದ. 1992ರ ಸೆಪ್ಟೆಂಬರ್ 12ರ ನಸುಕಿನಲ್ಲಿ ದಾವೂದನ ಕಡೆಯವರು ಎಕೆ-47 ಹಿಡಿದು ವಾರ್ಡಿಗೆ ನುಗ್ಗಿದರು. ಹಲ್ದಣ್‌ಕರ್ ಸತ್ತ. ಅವನ ಜೊತೆಗೆ ಕಾವಲಿಗಿದ್ದ ಇಬ್ಬರು ಪೊಲೀಸರೂ ಸತ್ತರು. ಜೋಗೇಶ್ವರಿಯ ಜಾಗ ಎಲ್ಲಿ, ಈ ಇಬ್ಬರು ಪೊಲೀಸರು ಎಲ್ಲಿ? ಅವರಿಗೆ ಅಂದು ಆ ವಾರ್ಡಿನ ಡ್ಯೂಟಿ ಬಿದ್ದಿತ್ತು, ಅಷ್ಟೆ. ಸರಪಳಿಯ ಮೊದಲ ಕೊಂಡಿಯಾಗಿದ್ದ ಶರದ್ ಶೆಟ್ಟಿ ಇನ್ನೂ ಹತ್ತು ವರ್ಷ ಬದುಕಿದ್ದ. ಅವನ ಸಾವು ಬೇರೆಯೇ ಒಂದು ದ್ರೋಹದ ಖಾತೆಯಿಂದ ಬಂತು.

ಆ ಖಾತೆ ಛೋಟಾ ರಾಜನ್‌ನದು. ಚೆಂಬೂರಿನ ತಿಲಕ್ ನಗರದ ರಾಜೇಂದ್ರ ನಿಕಾಳ್ಜೆ, ಸಹಕಾರ್ ಟಾಕೀಸಿನ ಎದುರು ಬ್ಲಾಕಿನಲ್ಲಿ ಟಿಕೆಟ್ ಮಾರುತ್ತಿದ್ದವನು. ಅವನ ಗುರು ಬಡಾ ರಾಜನ್. 1983ರಲ್ಲಿ ದಾವೂದನ ಅಣ್ಣ ಸಾಬಿರ್‌ನ ಕೊಲೆಯ ಆರೋಪಿ ಅಮೀರ್‌ಜಾದಾನನ್ನು ನ್ಯಾಯಾಲಯದ ಒಳಗೇ ಹೊಡೆಸಿದವನು ಈ ಬಡಾ ರಾಜನ್ ಎಂದು ಹೇಳಲಾಗುತ್ತದೆ. ಆಮೇಲೆ ಬಡಾ ರಾಜನ್ ಕೂಡ ನ್ಯಾಯಾಲಯದ ಆವರಣದಲ್ಲೇ ಗುಂಡಿಗೆ ಸತ್ತ. ಗುರುವಿನ ಸಾವಿಗೆ ಸೇಡು ತೀರಿಸಿದವನೆಂಬ ಹೆಸರೇ ಛೋಟಾ ರಾಜನ್‌ಗೆ ಬಂಡವಾಳವಾಯಿತು, ದಾವೂದನ ಪಡೆಯಲ್ಲಿ ಜಾಗ ಕೊಡಿಸಿತು. 1993ರ ಮಾರ್ಚ್ 12ರ ಸರಣಿ ಸ್ಫೋಟಗಳಲ್ಲಿ 257 ಜನ ಸತ್ತ ಮೇಲೆ ಇಬ್ಬರೂ ಬೇರೆಯಾದರು. ರಾಜನ್ ತನ್ನನ್ನು ದೇಶಭಕ್ತ ಡಾನ್ ಎಂದು ಕರೆಸಿಕೊಂಡ, ಸ್ಫೋಟದ ಆರೋಪಿಗಳಲ್ಲಿ ಕೆಲವರನ್ನು ಕೊಲ್ಲಿಸಿದ. ಈ ದೇಶಭಕ್ತಿಯ ಮಾತನ್ನು ನಮ್ಮ ಕಡೆಯ ಹಲವರು ಆಗ ನಂಬಿದ್ದರು, ನಾನೂ ಅರ್ಧ ನಂಬಿದ್ದೆ. ಆದರೆ ಅದೇ ದೇಶಭಕ್ತನ ಹುಡುಗರು ತಿಂಗಳ ಕೊನೆಗೆ ಹೋಟೆಲಿಗೆ ಬಂದಾಗ ಅವರು ತೆಗೆದುಕೊಂಡು ಹೋಗುತ್ತಿದ್ದ ಲಕೋಟೆಗೂ ಇನ್ನೊಬ್ಬರ ಲಕೋಟೆಗೂ ದಪ್ಪದಲ್ಲಿ ವ್ಯತ್ಯಾಸವಿರಲಿಲ್ಲ. ಒಬ್ಬನಿಗೆ ಕೊಟ್ಟರೆ ಇನ್ನೊಬ್ಬನ ಕಣ್ಣಿಗೆ ಬೀಳುವುದು ಬೇರೆ. ಕೊಡದಿದ್ದರೆ ಇಬ್ಬರ ಕಣ್ಣಿಗೂ.

ನಾನು ಹೋಟೆಲಿನಲ್ಲಿದ್ದ ವರ್ಷಗಳು ಇಂಥವು. 1997ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಪವಾಯಿಯಲ್ಲಿ ಗುಂಡಿಗೆ ಬಲಿಯಾದರು. ಅದೇ ವರ್ಷದ ಆಗಸ್ಟ್ 12ರಂದು ಕ್ಯಾಸೆಟ್ ಉದ್ಯಮಿ ಗುಲ್ಶನ್ ಕುಮಾರ್ ಅಂಧೇರಿಯ ಒಂದು ಗುಡಿಯಿಂದ ಹೊರಗೆ ಬರುವಾಗ ಸತ್ತರು. ಮರುದಿನ ಬೆಳಿಗ್ಗೆ ನಮ್ಮ ಹೋಟೆಲಿನಲ್ಲಿ ಕಟಿಂಗ್ ಚಹಾ ಕುಡಿಯುತ್ತಿದ್ದವರೆಲ್ಲರ ಕೈಯಲ್ಲೂ ಪತ್ರಿಕೆ ಇತ್ತು. ಸೇಟ್ರು ಮಾತ್ರ ಅಂದು ಪತ್ರಿಕೆ ಬಿಡಿಸಲಿಲ್ಲ. ನಾನು ಹಗಲು ಕೆಲಸ ಮುಗಿಸಿ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ಲೋಕಲ್ ಟ್ರೈನಿನಲ್ಲಿ ಪಕ್ಕದವರ ಪತ್ರಿಕೆಯ ತಲೆಬರಹಗಳಿಂದ ಮರಾಠಿ ಕಲಿತವನು. ಹಾಗಾಗಿ ನನಗೆ ಮೊದಲು ಬಂದ ಮರಾಠಿ ಪದಗಳು ಗೋಳಿಬಾರ, ಹತ್ಯಾ, ಖಂಡಣಿ ಎಂಬವು, ಅಂದರೆ ಗುಂಡು, ಕೊಲೆ, ಹಫ್ತಾ.

ರಾಜನ್‌ಗೆ ದ್ರೋಹವಾದದ್ದು ಬ್ಯಾಂಕಾಕಿನಲ್ಲಿ. 2000ದ ಸೆಪ್ಟೆಂಬರ್ 15ರ ರಾತ್ರಿ ಅವನ ಆಪ್ತ ರೋಹಿತ್ ವರ್ಮಾನ ಫ್ಲ್ಯಾಟಿಗೆ ದಾವೂದನ ಬಲಗೈಯಾದ ಛೋಟಾ ಶಕೀಲ್‌ನ ಕಡೆಯವರು ನುಗ್ಗಿದರು. ವರ್ಮಾ ಸತ್ತ. ರಾಜನ್ ಗುಂಡು ತಗಲಿಸಿಕೊಂಡು ಕಿಟಕಿಯಿಂದ ಹಾರಿ ಬದುಕಿದ, ಆಸ್ಪತ್ರೆ ಸೇರಿದ, ನವೆಂಬರಿನಲ್ಲಿ ಅಲ್ಲಿಂದಲೂ ಥಾಯ್ ಪೊಲೀಸರ ಕಣ್ಣು ತಪ್ಪಿಸಿ ಮಾಯವಾದ. ಆ ಫ್ಲ್ಯಾಟಿನ ವಿಳಾಸ ಹೇಗೆ ಹೊರಗೆ ಬಂತು? ಮುಂಬೈಯ ಹೋಟೆಲ್ ವ್ಯವಹಾರದಲ್ಲಿದ್ದ, ರಾಜನ್‌ನ ಜೊತೆ ಒಡನಾಟವಿದ್ದವರ ಮೂಲಕ ಅದು ಶರದ್ ಶೆಟ್ಟಿಗೆ ತಲುಪಿತು, ಅವನಿಂದ ಶಕೀಲ್‌ಗೆ ಹೋಯಿತು ಎಂಬುದು ಪೊಲೀಸರು ಆಗ ಕೊಟ್ಟ ವಿವರಣೆ. ಶತ್ರುವಿಗೆ ವಿಳಾಸ ಗೊತ್ತಿರುವುದಿಲ್ಲ. ಮನೆಗೆ ಬಂದು ಉಂಡು ಹೋದವನಿಗೆ ಮಾತ್ರ ಗೊತ್ತಿರುತ್ತದೆ. ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಲಿಲ್ಲ.

ಮುಂದಿನ ಕೆಲವೇ ತಿಂಗಳಲ್ಲಿ ಸುಳಿವು ಕೊಟ್ಟರೆಂಬ ಸಂಶಯವಿದ್ದ ಇಬ್ಬರು ಮುಂಬೈ ಕಡೆಯಲ್ಲಿ ಸತ್ತರು. 2003ರ ಜನವರಿಯಲ್ಲಿ ಶರದ್ ಶೆಟ್ಟಿಯನ್ನು ದುಬೈಯ ಇಂಡಿಯಾ ಕ್ಲಬ್ಬಿನ ಎದುರು ಗುಂಡಿಟ್ಟು ಕೊಂದರು. ಆ ಸುದ್ದಿ ಬಂದ ದಿನ ನಾನು ಹೋಟೆಲು ಬಿಟ್ಟು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿಯಾಗಿತ್ತು. ಜೊತೆಯವರೊಬ್ಬರು "ಲೆಕ್ಕ ಚುಕ್ತಾ" ಎಂದರು. ಅವರ ದನಿಯಲ್ಲಿ ಒಂದು ತೃಪ್ತಿಯಿತ್ತು. ಬ್ಯಾಂಕಾಕಿಗೆ ಬಂದೂಕು ಕಳಿಸಿದ ಶಕೀಲ್‌ಗೆ ಏನೂ ಆಗಿರಲಿಲ್ಲ, ದಾವೂದನಿಗೆ ಮೊದಲೇ ಏನೂ ಆಗಿರಲಿಲ್ಲ. ಚುಕ್ತಾ ಆದದ್ದು ಕ್ಲಬ್ಬಿಗೆ ಹೋಗಿ ಬರುವ ಅಭ್ಯಾಸವಿದ್ದವನ ಲೆಕ್ಕ. ಶೆಟ್ಟಿ ಪಾಪದವನೆಂದು ನಾನು ಹೇಳುತ್ತಿಲ್ಲ. ಕ್ರಿಕೆಟ್ ಬೆಟ್ಟಿಂಗ್ ದಂಧೆಯ ದೊಡ್ಡ ಹೆಸರು ಅದು. ಆದರೆ ಅವನು ಸತ್ತದ್ದು ತನ್ನ ಪಾಪಕ್ಕಾಗಿ ಅಲ್ಲ, ತನ್ನ ದಿನಚರಿಗಾಗಿ.

ಈಗ ಸೇಡಿನ ಯಜಮಾನರು ಏನಾದರು ಎಂದು ನೋಡಿದರೆ ನಗುವೂ ಬರುತ್ತದೆ. ದಾವೂದ್ ಕರಾಚಿಯಲ್ಲಿದ್ದಾನೆಂದು ಭಾರತ ಹೇಳುತ್ತಲೇ ಇದೆ, ಪಾಕಿಸ್ತಾನ ಇಲ್ಲವೆನ್ನುತ್ತಲೇ ಇದೆ. ಗಾವ್ಳಿ 2004ರಲ್ಲಿ ಶಾಸಕನಾದ, 2012ರಲ್ಲಿ ಶಿವಸೇನೆಯ ಕಾರ್ಪೊರೇಟರ್ ಒಬ್ಬರ ಕೊಲೆಗೆ ಜೀವಾವಧಿ ಶಿಕ್ಷೆಗೆ ಒಳಗಾದ. ರಾಜನ್ 2015ರ ಅಕ್ಟೋಬರ್ 25ರಂದು ಆಸ್ಟ್ರೇಲಿಯಾದಿಂದ ಬಾಲಿಗೆ ಬಂದಿಳಿದಾಗ ಸಿಕ್ಕಿಬಿದ್ದ. ಅವನ ಕೈಯಲ್ಲಿದ್ದ ಪಾಸ್‌ಪೋರ್ಟಿನಲ್ಲಿದ್ದ ಹೆಸರು ಮೋಹನ್ ಕುಮಾರ್. ಅದು ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಯಿಂದ ಹೊರಟದ್ದು, ಅದರ ಮೂಲದಲ್ಲಿದ್ದ ವಿಳಾಸ ಮಂಡ್ಯದ್ದು. ಆ ನಕಲಿ ಪಾಸ್‌ಪೋರ್ಟಿಗಾಗಿ 2017ರಲ್ಲಿ ದೆಹಲಿಯ ನ್ಯಾಯಾಲಯ ಅವನಿಗೂ ಪಾಸ್‌ಪೋರ್ಟ್ ಇಲಾಖೆಯ ಮೂವರು ನಿವೃತ್ತ ನೌಕರರಿಗೂ ಏಳು ವರ್ಷದ ಸಜೆ ಕೊಟ್ಟಿತು. ಮುಂದಿನ ವರ್ಷ, 2011ರಲ್ಲಿ ನಡೆದ ಪತ್ರಕರ್ತ ಜ್ಯೋತಿರ್ಮಯ್ ಡೇ ಅವರ ಕೊಲೆಗೆ ಜೀವಾವಧಿ ಶಿಕ್ಷೆ ಬಂತು. ಡೇ ಅವನ ಮೇಲೆ ಗುಂಡು ಹಾರಿಸಿರಲಿಲ್ಲ, ಅವನ ಬಗ್ಗೆ ಬರೆದಿದ್ದರು. ಪವಾಯಿಯ ಮಳೆಗಾಲದ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದರು, ಕೈಗೆ ಸಿಕ್ಕಿದರು.

ಮಂಡ್ಯದ ಆ ವಿಳಾಸದ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನ್ನಂಥವನಿಗೆ ಪಾಸ್‌ಪೋರ್ಟ್ ಮಾಡಿಸಲು ಪೊಲೀಸ್ ಪರಿಶೀಲನೆಗೆ ಮೂರು ಸಲ ಹಾಜರಾಗಬೇಕಾಯಿತು, ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಒಂದು ದೀರ್ಘ ತಪ್ಪಿದ್ದಕ್ಕೆ. ಮೋಹನ್ ಕುಮಾರನಿಗೆ ಅಂಥ ತೊಂದರೆ ಬಂದಂತಿಲ್ಲ.

ಇನ್ನೊಂದು ಸಂಗತಿಯಂತೂ ಯಾರಾದರೂ ಕಟ್ಟಿ ಹೇಳಿದ್ದರೆ ನಂಬುತ್ತಿರಲಿಲ್ಲ. ಮಲ್ಪೆ ಮೂಲದ ರವಿ ಪೂಜಾರಿ ರಾಜನ್‌ನ ಪಡೆಯಲ್ಲಿದ್ದು, ಆಮೇಲೆ ಬೇರೆಯಾಗಿ, ಹೋಟೆಲಿಗರಿಗೆ, ಬಿಲ್ಡರುಗಳಿಗೆ, ಸಿನಿಮಾದವರಿಗೆ ವಿದೇಶದಿಂದ ಬೆದರಿಕೆಯ ಕರೆ ಮಾಡುತ್ತಿದ್ದ ಆರೋಪ ಹೊತ್ತವನು. ಅವನು 2019ರಲ್ಲಿ ಸಿಕ್ಕಿದ್ದು ಪಶ್ಚಿಮ ಆಫ್ರಿಕಾದ ಸೆನೆಗಲ್‌ನಲ್ಲಿ, 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಕರೆತಂದರು. ಅಲ್ಲಿ ಆಂಟನಿ ಫೆರ್ನಾಂಡಿಸ್ ಎಂಬ ಹೆಸರಿನಲ್ಲಿ ಅವನು ನಡೆಸುತ್ತಿದ್ದ ಉದ್ಯೋಗ ಯಾವುದೆಂದರೆ, ಭಾರತೀಯ ಊಟದ ಹೋಟೆಲು. ಬೆಳಿಗ್ಗೆ ತರಕಾರಿ ಬಂತೇ, ಅಡುಗೆಯವನು ರಜೆ ಹಾಕಿದನೇ, ಗಲ್ಲಾದ ಲೆಕ್ಕ ಸರಿಯಿದೆಯೇ ಎಂದು ಅವನೂ ನೋಡಿಕೊಂಡಿರಬೇಕಲ್ಲವೇ? ಅವನ ಗಲ್ಲಾದ ಪಕ್ಕದ ಫೋನು ರಿಂಗಾದಾಗ ಅವನು ಯಾವ ಮುಖ ಹೊತ್ತು ಎತ್ತುತ್ತಿದ್ದ ಎಂದು ನನಗೊಂದು ಕೆಟ್ಟ ಕುತೂಹಲವಿದೆ.

ಈ ಕರೆಗಳು ಮುಂಬೈಯಲ್ಲೇ ನಿಂತಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲವೋ ಏನೋ. ಅವು ಕರಾವಳಿಗೂ ಇಳಿದವು. 2013ರ ಡಿಸೆಂಬರ್ 21ರಂದು ಅಂಕೋಲೆಯ ಉದ್ಯಮಿ ಆರ್.ಎನ್. ನಾಯಕರ ಕೊಲೆಯಾಯಿತು. ಕೇಳಿದ ಕೋಟಿಗಳನ್ನು ಅವರು ಕೊಡಲಿಲ್ಲ. ಆ ಪ್ರಕರಣದಲ್ಲಿ ಮೊರಾಕ್ಕೊದಿಂದ ಹಿಡಿದು ತಂದ ಬನ್ನಂಜೆ ರಾಜನಿಗೆ 2022ರಲ್ಲಿ ಬೆಳಗಾವಿಯ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಸಂಘಟಿತ ಅಪರಾಧಗಳ ವಿರುದ್ಧ ಕರ್ನಾಟಕ 2000ದಲ್ಲಿ ಮಾಡಿಕೊಂಡ ಕೋಕಾ ಕಾಯ್ದೆಗೆ ಹೆಸರು ಬಂದದ್ದು ಆ ತೀರ್ಪಿನಿಂದ. ಬನ್ನಂಜೆ, ಮಲ್ಪೆ ಎಂಬ ಹೆಸರುಗಳನ್ನು ನಾವು ಬಸ್ಸಿನ ಬೋರ್ಡಿನಲ್ಲಿ ಓದಿಕೊಂಡು ಬೆಳೆದವರು. ಅವು ಮೊರಾಕ್ಕೊ, ಸೆನೆಗಲ್ ಎಂಬ ಹೆಸರುಗಳ ಜೊತೆ ಒಂದೇ ವಾಕ್ಯದಲ್ಲಿ ಬರುವುದಕ್ಕೆ ಇಂದಿಗೂ ಹೊಂದಿಕೊಂಡಿಲ್ಲ.

ನಮ್ಮ ಹೋಟೆಲಿಗೆ ಬಂದ ಕರೆಗೆ ವಾಪಸು ಬರುತ್ತೇನೆ. ಸೇಟ್ರು ಪೊಲೀಸರ ಹತ್ತಿರ ಹೋಗಲಿಲ್ಲ. ತಾನು ಹೋದ ಸುದ್ದಿ ತಾನು ವಾಪಸು ಬರುವುದರೊಳಗೆ ಆ ಕಡೆಗೆ ಮುಟ್ಟುತ್ತದೆ ಎಂಬ ಭಯ ಅವರಿಗಿತ್ತು. ಅವರಿಗೆ ಹಣಕ್ಕಿಂತ ಹೆಚ್ಚು ಕೊರೆದದ್ದು ನೇಮದ ಮಾತು, ಮಗಳ ಪರೀಕ್ಷೆಯ ಮಾತು. ಕಾರ್ಕಳದ ಹತ್ತಿರದ ಒಂದು ಮನೆಯ ಅಂಗಳದ ವಿಷಯ ಅವನಿಗೆ ಹೇಗೆ ಗೊತ್ತು? ಯಾರೋ ಒಳಗಿನವರೇ ಹೇಳಿದ್ದಾರೆ, ಅನ್ನ ಹಾಕಿದ ಕೈಗೆ ಯಾರೋ ಕಚ್ಚಿದ್ದಾರೆ ಎಂದು ಅವರು ಆ ರಾತ್ರಿ ಅಡುಗೆಮನೆಯಲ್ಲಿ ನಿಂತು ಹೇಳಿದಾಗ ನಾವು ಹದಿನೈದು ಜನ ತಲೆ ತಗ್ಗಿಸಿ ನಿಂತಿದ್ದೆವು. ನನ್ನ ಮಾವ ಗಲ್ಲಾದಲ್ಲಿ ಕೂರುತ್ತಿದ್ದರು, ಆದ್ದರಿಂದ ನನ್ನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಭಟ್ಟರು ಇಪ್ಪತ್ತು ವರ್ಷದ ಹಳಬರು. ಉಳಿದವರಲ್ಲಿ ಮುಂಬೈಯಲ್ಲಿ ಸ್ವಂತ ಎನ್ನುವವರು ಯಾರೂ ಇಲ್ಲದ, ಹೊಸದಾಗಿ ಸೇರಿದ್ದ, ರಾತ್ರಿ ಕೆಲಸ ಮುಗಿದ ಮೇಲೆ ಒಬ್ಬನೇ ಅಡ್ಡಾಡಿ ಬರುವ ಅಭ್ಯಾಸವಿದ್ದ ಒಬ್ಬ ಹುಡುಗನಿದ್ದ. ಕುಂದಾಪುರದ ಆಚೆಯವನು, ನನಗಿಂತ ಎರಡು ವರ್ಷ ದೊಡ್ಡವನು. ಒಂದು ಕೈಯ ಬೆರಳುಗಳನ್ನು ಒಳಗೆ ಇಳಿಸಿ ಆರು ನೀರಿನ ಗ್ಲಾಸುಗಳನ್ನು ಚೆಲ್ಲದೆ ಎತ್ತುವುದು ಹೇಗೆಂದು ನನಗೆ ತೋರಿಸಿಕೊಟ್ಟವನು ಅವನು. ಗಿರಾಕಿಗಳಿಗೆ ಅಸಹ್ಯ, ಆದರೆ ಭರಾಟೆಯ ಹೊತ್ತಿಗೆ ಬೇರೆ ದಾರಿ ಇರುತ್ತಿರಲಿಲ್ಲ.

ಮೂರನೆಯ ದಿನ ಅವನನ್ನು ಕೆಲಸದಿಂದ ಬಿಡಿಸಿದರು. ಯಾರೂ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಸೇಟ್ರು ತಿಂಗಳ ಪೂರಾ ಸಂಬಳ ಎಣಿಸಿ, ಬಸ್ಸಿನ ಖರ್ಚಿಗೆಂದು ಮೇಲೆ ನೂರರ ಎರಡು ನೋಟು ಇಟ್ಟು ಕೊಟ್ಟರು. ಅವನು ರೆಕ್ಸಿನ್ ಚೀಲವನ್ನು ಎರಡು ಕಾಲುಗಳ ನಡುವೆ ಇಟ್ಟುಕೊಂಡು, ನೋಟುಗಳನ್ನು ಇನ್ನೊಮ್ಮೆ ಎಣಿಸಿ, "ನಾನ್ ಅಲ್ಲ ಧಣಿ" ಎಂದ. ಒಂದೇ ಸಲ ಹೇಳಿದ.

ಹೇಳಿದ್ದು ಯಾರು ಎಂಬುದು ನನಗೆ ಹೊಳೆದದ್ದು ಅದಾಗಿ ಎರಡು ದಿನಕ್ಕೆ, ಸ್ಟೇಷನ್ ರಸ್ತೆಯ ಪಾನ್ ಬೀಡಾ ಅಂಗಡಿಯ ಎದುರು. ರಾತ್ರಿ ಶಾಲೆಯಿಂದ ಬರುವಾಗ ಅಲ್ಲಿ ದಿನವೂ ಒಬ್ಬರು ಸಿಗುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕುತ್ತಿಗೆಯಲ್ಲಿ ಸಪೂರದೊಂದು ಸರ, ಬಾಯಿ ತುಂಬ ಊರಿನ ಮಾತು. ಪುಸ್ತಕ ಹಿಡಿದ ನನ್ನನ್ನು ನೋಡಿ ಮೊದಲ ದಿನವೇ "ಓದು ಮಗ, ಬಿಡಬೇಡ" ಎಂದಿದ್ದರು. ನನಗೆ ಸೋಡಾ ಕೊಡಿಸುತ್ತಿದ್ದರು. ಊರಿಂದ ಕಾಗದ ಬಂತಾ, ಸೇಟ್ರು ಊರಿಗೆ ಹೋಗಿ ಬಂದರಾ, ನೇಮ ಯಾವಾಗ, ಮಕ್ಕಳು ಎಷ್ಟನೆಯ ಕ್ಲಾಸು ಎಂದು ಕೇಳುತ್ತಿದ್ದರು. ಆ ಊರಿನಲ್ಲಿ ನನ್ನನ್ನು ಕೂರಿಸಿಕೊಂಡು ಇಷ್ಟು ಮಾತು ಕೇಳಿದವರು ಬೇರೆ ಯಾರೂ ಇರಲಿಲ್ಲ. ನನ್ನ ಹದಿನೆಂಟರ ವಯಸ್ಸಿಗೆ ಅದು ಎಷ್ಟು ದೊಡ್ಡ ಸಂಗತಿಯಾಗಿತ್ತೆಂದರೆ, ಕೇಳದಿದ್ದುದನ್ನೂ ನಾನಾಗಿಯೇ ಹೇಳಿದ್ದೇನೆ. ಆ ಕರೆ ಬಂದ ದಿನದಿಂದ ಅವರು ಆ ಅಂಗಡಿಗೆ ಬರುವುದನ್ನು ನಿಲ್ಲಿಸಿದ್ದರು. ಅಂಗಡಿಯವನನ್ನು ಕೇಳಿದೆ. ಅವನು ಎಲೆಗೆ ಸುಣ್ಣ ಸವರುತ್ತ, ಯಾರು, ಯಾವ ಬಿಳಿ ಅಂಗಿ, ನನಗೆ ಗೊತ್ತಿಲ್ಲ ಎಂದ.

ಸೇಟ್ರಿಗೆ ಹೇಳಬೇಕೆಂದು ಎರಡು ಸಲ ಗಲ್ಲಾದವರೆಗೆ ಹೋದೆ. ಮಾವ ಅಲ್ಲಿ ಕೂತಿದ್ದರು. ಹೇಳಿದ್ದರೆ ಅವರ ಕೆಲಸವೂ ಹೋಗುತ್ತಿತ್ತು, ನನ್ನ ಶಾಲೆಯೂ ನಿಲ್ಲುತ್ತಿತ್ತು. ಈ ಎರಡು ಕಾರಣಗಳು ನಿಜವೇ. ಅವುಗಳ ಹಿಂದೆ ಬರಿಯ ಹೆದರಿಕೆ ಇತ್ತೆಂಬುದೂ ನಿಜ. ಸೇಟ್ರು ಮಧ್ಯಸ್ಥರೊಬ್ಬರನ್ನು ಹಿಡಿದು ಎರಡು ಪೇಟಿಗೆ ಮಾತು ಮುಗಿಸಿದರೆಂದು ಆಮೇಲೆ ಮಾವ ಹೇಳಿದರು. ಹಣ ಮುಟ್ಟಿದ ಮೇಲೆ ಆ ದನಿ ಇನ್ನೊಮ್ಮೆ ಫೋನು ಮಾಡಿತಂತೆ. ಉಪಕಾರ ಸ್ಮರಿಸಿ, ಕೊನೆಗೆ, ಆ ಹುಡುಗನನ್ನು ಯಾಕೆ ಓಡಿಸಿದಿರಿ ಅಣ್ಣ, ಅವನು ಪಾಪದವನು ಎಂದು ಹೇಳಿ ಇಟ್ಟಿತಂತೆ. ಸೇಟ್ರು ಇದನ್ನು ಮಾವನಿಗೆ ಹೇಳಿದರು, ಮಾವ ನನಗೆ ಹೇಳಿದರು. ಹುಡುಗನನ್ನು ವಾಪಸು ಕರೆಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕರೆಸಿದರೆ, ಹಾಗಾದರೆ ಹೇಳಿದ್ದು ಯಾರು ಎಂಬ ಪ್ರಶ್ನೆ ಮತ್ತೆ ಏಳುತ್ತಿತ್ತು.

ಆರು ವರ್ಷದ ಹಿಂದೆ ಊರಿನ ಜಾತ್ರೆಯಲ್ಲಿ ಅವನನ್ನು ನೋಡಿದೆ. ರಥಬೀದಿಯ ತುದಿಯಲ್ಲಿ ಕಬ್ಬಿನ ಹಾಲಿನ ಗಾಡಿ ಇಟ್ಟುಕೊಂಡಿದ್ದ, ಪಕ್ಕದಲ್ಲಿ ಹೆಂಡತಿ ಚರುಮುರಿ ಕಲಸುತ್ತಿದ್ದಳು. ನನ್ನ ಗುರುತು ಅವನಿಗೆ ಕೂಡಲೇ ಸಿಕ್ಕಿತು. "ಹ್ವಾಯ್, ಬೊಂಬಾಯಿಂದ ಯಾವಾಗ್ ಬಂದದ್ದ್?" ಎಂದ. ಮಾವ ತೀರಿಕೊಂಡದ್ದನ್ನು ಕೇಳಿ ಬೇಸರಪಟ್ಟ, ಸೇಟ್ರು ಹೇಗಿದ್ದಾರೆ ಎಂದು ವಿಚಾರಿಸಿದ, ಆಗ ಯಾರು ಹಾಗೆ ಮಾಡಿದ್ದೆಂದು ಕಡೆಗಾದರೂ ಗೊತ್ತಾಯಿತಾ ಎಂದು ಕೇಳಿದ. ನಾನು ಇಲ್ಲವೆಂದೆ. ಅಷ್ಟರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಒಂದು ದೊಡ್ಡ ಕುಟುಂಬ ಗಾಡಿಗೆ ಮುತ್ತಿಕೊಂಡಿತು. ಅವನು ತೊಳೆದಿಟ್ಟ ಗ್ಲಾಸುಗಳ ಒಳಗೆ ಬೆರಳು ಇಳಿಸಿ, ಒಂದೇ ಕೈಯಲ್ಲಿ ಆರನ್ನೂ ಎತ್ತಿ ಹಲಗೆಯ ಮೇಲೆ ಸಾಲಾಗಿ ಇಟ್ಟ. ಕಬ್ಬಿನ ಹಾಲಿಗೆ ನನ್ನಿಂದ ಹಣ ತೆಗೆದುಕೊಳ್ಳಲಿಲ್ಲ.